ನೆಲ್ ಎಂಬ ಪ್ರೋಟೀನು

ಅಕ್ಕನ ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿದ್ದು ನನ್ನ ಕಣ್ಣಿಗೆ ಬಿದ್ದದ್ದು ಪಂಚಮಿಗೆಂದು ಇಬ್ಬರೂ ತವರಿಗೆ ಹೋಗಿದ್ದಾಗ. ನಮ್ಮ ತವರು ಕುರುಗೋಡು. ಅಪ್ಪ ತೀರಿಕೊಂಡ ಮೇಲೆ ಅವ್ವ ತಮ್ಮನ ಸಂಸಾರದೊಂದಿಗೆ ಅಲ್ಲೇ ಇದ್ದಾಳೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಹತ್ತಿ, ಎಲ್ಲರಿಗಿಂತ ಎತ್ತರ ಜೀಕುವವಳು ಅಕ್ಕ. ಆ ವರ್ಷ ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಳು. ತಮ್ಮನ ಮಕ್ಕಳು ಸೆರಗು ಹಿಡಿದು ಎಳೆದರೂ ಏಳಲಿಲ್ಲ.

"ಇದೇನಕ್ಕ, ಕಾಲು ಹಿಂಗ ಬಾತಾವು?" ಎಂದೆ.

"ನಾಟಿ ಮುಗದು ಇನ್ನಾ ಎಂಟು ದಿನ ಆಗಿಲ್ಲ. ಅಷ್ಟು ದಿನ ಕೆಸರಾಗ ನಿಂತ್ರ ಬಾವು ಬರಂಗಿಲ್ಲೇನು?"

ನಾನು ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಹಿಟ್ಟಿನ ಮುದ್ದೆಯ ಮೇಲೆ ಒತ್ತಿದಂತೆ. ಅದನ್ನು ನೋಡಿ ನನಗೆ ಏನೋ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಹಬ್ಬದ ಮನೆ. ಒಲೆಯ ಮೇಲೆ ಕಡಬು ಬೇಯುತ್ತಿತ್ತು. "ಸೋಮವಾರ ಬಳ್ಳಾರಿಗೆ ಬಾ, ಒಂದು ಟೆಸ್ಟ್ ಮಾಡ್ತೀನಿ" ಎಂದಷ್ಟೇ ಹೇಳಿದೆ. "ಬರ್ತೀನಿ ಬಿಡು" ಎಂದಳು. ಅವಳು ಬಂದದ್ದು ಮೂರು ವಾರ ಬಿಟ್ಟು.

ನಾನು ಬಳ್ಳಾರಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನದವರೆಗೆ ರಕ್ತ, ಮೂತ್ರ, ಕಫದ ಡಬ್ಬಿಗಳ ಸಾಲು. ಫಲಿತಾಂಶದ ಬಗ್ಗೆ ರೋಗಿಗಳು ಏನು ಕೇಳಿದರೂ "ಡಾಕ್ಟರಿಗೆ ತೋರಿಸ್ರಿ" ಎನ್ನುವುದು ನನ್ನ ಕೆಲಸದ ನಿಯಮ. ಮುಖದ ಮೇಲೂ ಏನನ್ನೂ ತೋರಿಸಬಾರದು. ಈ ಕೆಲಸಕ್ಕೆ ನಾನು ಬರುವಂತಾದದ್ದು ಅಕ್ಕನಿಂದ. ನಾನು ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಲ್ಯಾಬ್ ಕೋರ್ಸ್ ಓದುವಾಗ, ಆಗಷ್ಟೇ ಕರೂರಿಗೆ ಮದುವೆಯಾಗಿ ಹೋಗಿದ್ದ ಅವಳು ಪ್ರತಿ ಶನಿವಾರ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಖಡಕ್ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಗಂಟಿನ ಜೊತೆ ಪುಡಿ ಚಟ್ನಿ, ಒಮ್ಮೊಮ್ಮೆ ಒಂದು ಜೊತೆ ಹೊಸ ರಿಬ್ಬನ್. ನನಗಿಂತ ನಾಲ್ಕೇ ವರ್ಷ ದೊಡ್ಡವಳು.

ಕರೂರಿನಲ್ಲಿ ಭಾವನಿಗೆ ಕಾಲುವೆ ನೀರಿನ ಕೆಳಗೆ ನಾಲ್ಕು ಎಕರೆ ಗದ್ದೆ ಇದೆ. ಅಕ್ಕ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳು. ಇಪ್ಪತ್ತು ಮಂದಿ ಹೆಂಗಸರು ಅವಳ ಎಡಬಲಕ್ಕೆ ಸಾಲಾಗಿ ಬಗ್ಗಿದರೆ, ಅವಳ ಕೈ ಓಡಿದ ವೇಗದಲ್ಲೇ ಎಲ್ಲರ ಕೈ ಓಡುತ್ತದೆ. ನಮ್ಮ ಗದ್ದೆ, ಪರರ ಗದ್ದೆ ಎಂಬ ಭೇದವಿಲ್ಲ. ಯಾರ ಹೊಲಕ್ಕೆ ಯಾವ ದಿನ ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು.

ಮೂರು ವಾರದ ನಂತರ ಭಾವನ ಜೊತೆ ಲ್ಯಾಬಿನ ಮೆಟ್ಟಿಲು ಹತ್ತಿ ಬಂದ ಅಕ್ಕನನ್ನು ನಾನು ಒಂದು ಕ್ಷಣ ಗುರುತಿಸಲಿಲ್ಲ. ಮುಖ ತುಂಬಿಕೊಂಡಿತ್ತು. ಕಣ್ಣಿನ ಕೆಳಗೆ ನೀರು ತುಂಬಿದ ಚೀಲಗಳು. ಕಾಲುಂಗುರವನ್ನು ಸಿರುಗುಪ್ಪದ ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದ್ದರು.

"ಮುಂಜಾನಿ ಕಣ್ಣ ತೆರಿಯಾಕ ಬರಂಗಿಲ್ಲ ಇಕೀಗೆ," ಎಂದ ಭಾವ.

ಅವಳು ತಂದುಕೊಟ್ಟ ಮೂತ್ರದ ಡಬ್ಬಿಯಲ್ಲಿ ನೊರೆ ನಿಂತಿತ್ತು. ಪಟ್ಟಿ ಅದ್ದಿದೆ. ಅದರ ಮೇಲೆ ಪ್ರೋಟೀನು ತೋರಿಸುವ ಹಳದಿ ಚೌಕ ನೋಡುತ್ತಿದ್ದಂತೆ ಕಡುಹಸಿರಾಯಿತು. ಪಟ್ಟಿ ಹಳೆಯದಿರಬೇಕೆಂದು ಇನ್ನೊಂದು ಅದ್ದಿದೆ. ಆಮೇಲೆ ನಾನು ಕೋರ್ಸಿನಲ್ಲಿ ಕಲಿತ ಹಳೆಯ ವಿಧಾನ: ಕೊಳವೆಯಲ್ಲಿ ಮೂತ್ರ ಹಾಕಿ, ಮೇಲುಭಾಗವನ್ನು ದೀಪಕ್ಕೆ ಹಿಡಿದು, ಒಂದು ಹನಿ ಆಮ್ಲ ಬಿಟ್ಟೆ. ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಯಿತು. ರಕ್ತದಲ್ಲಿ ಇರಬೇಕಾದ ಪ್ರೋಟೀನೆಲ್ಲ ಸೋರಿ ಹೊರಗೆ ಹೋಗುತ್ತಿತ್ತು. ನಾನು ದಿನವೂ ಮಾಡುವ ಕೆಲಸವನ್ನು ಪಂಚಮಿಯ ದಿನವೇ, ಕುರುಗೋಡಿನಲ್ಲೇ ಮಾಡಬಹುದಿತ್ತು. ಒಂದು ಪಟ್ಟಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರೆ ಸಾಕಿತ್ತು.

"ಏನ್ ಬಂತು?" ಎಂದಳು ಅಕ್ಕ.

ಡಾಕ್ಟರಿಗೆ ತೋರಿಸ್ರಿ ಎನ್ನಲು ಬಾಯಿ ಬರಲಿಲ್ಲ. "ಕಿಡ್ನಿ ಸೋರಾಕತ್ತೈತಿ ಅಕ್ಕ. ನಡಿ, ನಾನೂ ಬರ್ತೀನಿ" ಎಂದು ಕೋಟು ಬಿಚ್ಚಿಟ್ಟೆ.

ಕಿಡ್ನಿ ತಜ್ಞೆ ಮೈಸೂರಿನ ಕಡೆಯವರು, ಬಳ್ಳಾರಿಗೆ ಬಂದು ಕೆಲವು ವರ್ಷಗಳಾಗಿತ್ತು. ಅವಸರವಿಲ್ಲದ ಹೆಂಗಸು. ಅಕ್ಕನ ಕಾಲು, ಹೊಟ್ಟೆ, ಕಣ್ಣು ನೋಡಿ, ರಿಪೋರ್ಟು ನೋಡಿ, ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದರು.

"ಕಿಡ್ನಿ ಅಂದರೆ ಜರಡಿ ಇದ್ದ ಹಾಗೆ. ನಿಮ್ಮ ದೇಹದ್ದೇ ರಕ್ಷಣಾ ಪಡೆ ಈ ಜರಡಿಯ ಮೇಲೆ ಕೂತಿರುವ ಯಾವುದೋ ಒಂದು ಪ್ರೋಟೀನನ್ನು ಶತ್ರು ಅಂತ ತಿಳಿದುಕೊಂಡು ಹಿಡಿದಿದೆ ಅಂತ ನನ್ನ ಅನುಮಾನ. ಆ ಜಗ್ಗಾಟದಲ್ಲಿ ಜರಡಿಯ ತೂತು ದೊಡ್ಡದಾಗಿ ಸೋರುತ್ತಿದೆ. ಯಾವ ಪ್ರೋಟೀನು ಅನ್ನೋದು ಗೊತ್ತಾದರೆ ಮುಂದಿನ ದಾರಿ ಸಿಗುತ್ತೆ."

ಇಂಥ ರೋಗಿಗಳಲ್ಲಿ ಹೆಚ್ಚಾಗಿ ಸಿಗುವ ಪ್ರೋಟೀನು ಒಂದಿದೆಯಂತೆ. ಅದರ ಗುರುತು ರಕ್ತದಲ್ಲೇ ಸಿಗುತ್ತದೆ, ಸಿಕ್ಕರೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆಯುವ ಬಯಾಪ್ಸಿ ಬೇಕಾಗದೆಯೂ ಇರಬಹುದು. ಆ ರಕ್ತವನ್ನು ನಾನೇ ತೆಗೆದು ಬೆಂಗಳೂರಿಗೆ ಕಳಿಸಿದೆ. ಗುರುತು ಸಿಗಲಿಲ್ಲ. ಬಯಾಪ್ಸಿಯೇ ಆಗಬೇಕೆಂದರು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತಾಸು ಮಲಗಿರಬೇಕ್ರಿ?"

"ಒಂದು ದಿನ ಅಲುಗಾಡದೆ ಇರಬೇಕು."

"ಅದ ಕಷ್ಟ," ಎಂದಳು.

ಬೋರಲಾಗಿ ಮಲಗಿಸಿ ಬೆನ್ನಿಗೆ ಸೂಜಿ ಹಾಕುವಾಗ ನಾನು ಅವಳ ಕೈ ಹಿಡಿದು ನಿಂತಿದ್ದೆ. ಪಿಸ್ತೂಲಿನ ಸದ್ದಿನಂಥ ಚಟ್ ಎಂಬ ಸದ್ದು ಎರಡು ಸಲ ಬಂತು. ಸೂಜಿಯ ತುದಿಯಲ್ಲಿ ಬಂದದ್ದು ಶಾವಿಗೆಯ ಎಳೆಯಷ್ಟು. ಅದು ಬೆಂಗಳೂರಿಗೆ ಹೋಯಿತು.

ಎರಡು ವಾರದ ಮೇಲೆ ನಾವು ಮೂವರೂ ಡಾಕ್ಟರಮ್ಮನ ಎದುರು ಕೂತೆವು. ಅವರು ರಿಪೋರ್ಟನ್ನು ನಿಧಾನವಾಗಿ ಓದಿ ತಲೆಯೆತ್ತಿದರು.

"ಪ್ರೋಟೀನು ಸಿಕ್ಕಿದೆ. ಇದರ ಹೆಸರು ನೆಲ್. ನೆಲ್ ಒಂದು ಅಂತ ಕರೀತಾರೆ."

"ನೆಲ್ಲಾ?" ಅಕ್ಕ ಮುಂದಕ್ಕೆ ಬಾಗಿದಳು. "ನಮ್ ಹೊಲ್ದಾಗಿನ ನೆಲ್ಲೇನ್ರಿ?"

ಮೈಸೂರಿನ ಕಡೆ ಭತ್ತ ಎನ್ನುವುದನ್ನು ನಮ್ಮ ಕಡೆ ನೆಲ್ಲು ಎನ್ನುತ್ತೇವೆ. ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ನಕ್ಕರು. ಭಾವನೂ ನಕ್ಕ. ಆ ರೂಮಿನಲ್ಲಿ ನಾವು ನಕ್ಕದ್ದು ಅದೊಂದೇ ಸಲ.

"ಭತ್ತಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಇದು ಮನುಷ್ಯರ ಮೈಯಲ್ಲಿ ಇರೋ ಪ್ರೋಟೀನೇ. ಮೂಳೆ ಬೆಳೆಯೋ ಕೆಲಸಕ್ಕೆ ಬರುತ್ತೆ. ಅದು ಕಿಡ್ನಿಯ ಜರಡಿಯ ಮೇಲೆ ಬಂದು ಕೂತಿದೆ ಅಂದರೆ ನಾನು ಎರಡು ವಿಷಯ ಹುಡುಕಬೇಕು. ಒಂದು, ಮೈಯಲ್ಲಿ ಎಲ್ಲಾದರೂ ಗಡ್ಡೆ ಇದೆಯಾ ಅಂತ. ಕೆಲವರಲ್ಲಿ ಕ್ಯಾನ್ಸರ್ ಜೊತೆ ಇದು ಕಾಣುತ್ತೆ. ಇರಲೇಬೇಕು ಅಂತಿಲ್ಲ, ನೋಡಿಬಿಡೋಣ. ಎರಡನೇದು ಪಾದರಸ, ಅದು ಮೈಗೆ ಸೇರಿದರೂ ಹೀಗಾಗುತ್ತೆ. ನಾಟಿ ಔಷಧಿ, ಭಸ್ಮ ಏನಾದರೂ ತಗೊಂಡಿದ್ದೀರಾ?"

"ಇಲ್ರಿ."

"ಮುಖ ಬೆಳ್ಳಗಾಗೋ ಕ್ರೀಮು?"

"ಬೆಳ್ಳಗಾಗಾಕೇನ್ರಿ? ನಾನ್ಯಾಕ ಹಚ್ಲಿ," ಎಂದಳು ಅಕ್ಕ, ಆ ಮಾತೇ ತಮಾಷೆಯಾದಂತೆ.

ಅವಳು ಸುಳ್ಳು ಹೇಳಲಿಲ್ಲ. ಅವಳು ಹಚ್ಚುತ್ತಿದ್ದದ್ದು ಅವಳ ಮಟ್ಟಿಗೆ ಬೆಳ್ಳಗಾಗುವ ಕ್ರೀಮಲ್ಲ, ಬಂಗಿನ ಮುಲಾಮು. ಅದನ್ನು ಕೊಟ್ಟವಳು ನಾನು.

ಹಿಂದಿನ ಚಳಿಗಾಲದಲ್ಲಿ ಕೊಳಗಲ್ಲಿನಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ವರ್ಷಗಟ್ಟಲೆ ಗದ್ದೆಯ ನೀರಿನ ಮೇಲಿನ ಬಿಸಿಲು ಮುಖಕ್ಕೆ ಬಡಿದು ಅಕ್ಕನ ಎರಡೂ ಕೆನ್ನೆಯ ಮೇಲೆ ಬಂಗು ಕವಿದಿತ್ತು, ಕಂದು ಬಣ್ಣದ ದೊಡ್ಡ ಮಚ್ಚೆಗಳು. ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಹೆಂಗಸೊಬ್ಬಳು ಅಕ್ಕನನ್ನು ತೋರಿಸಿ ನನ್ನನ್ನು ಕೇಳಿದಳು: "ನಿಮ್ಮ ಅವ್ವಾರಿಗೆ ಇನ್ನೊಂದು ಹೋಳಿಗಿ ಬೇಕೇನ್ರಿ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಮರುವಾರವೇ ಬಳ್ಳಾರಿಯ ಬಜಾರಿನಲ್ಲಿ, ನಮ್ಮ ಬೀದಿಯ ಟೀಚರೊಬ್ಬರು ಹೇಳಿದ್ದ ಬಳೆ ಅಂಗಡಿಗೆ ಹೋಗಿ ಎರಡು ಡಬ್ಬಿ ಮುಲಾಮು ತಂದೆ. ಹೊಳೆಯುವ ಚಿನ್ನದ ಬಣ್ಣದ ಮುಚ್ಚಳ. ಯಾರು ಮಾಡಿದ್ದು, ಒಳಗೇನಿದೆ, ಯಾವುದೂ ಮೇಲೆ ಬರೆದಿರಲಿಲ್ಲ. ದಿನವೂ ನೂರು ಡಬ್ಬಿಗಳ ಮೇಲೆ ಹೆಸರು, ತಾರೀಖು ಬರೆಯದೆ ಒಳಗಿಡದವಳು ನಾನು. ಅದನ್ನು ತಿರುಗಿಸಿ ಕೂಡ ನೋಡಲಿಲ್ಲ. ನನ್ನ ಡಬ್ಬಿಯನ್ನು ಹತ್ತು ದಿನ ಹಚ್ಚಿದೆ, ಉರಿಯಿತು, ಬಿಟ್ಟೆ. ಅಕ್ಕನಿಗೆ ಉರಿಯಲಿಲ್ಲ. ಅವಳ ಬಂಗು ತಿಳಿಯಾಗತೊಡಗಿತು. ಡಬ್ಬಿ ತೀರಿದಾಗಲೆಲ್ಲ ನಾನೇ ಬಸ್ಸಿನಲ್ಲಿ ಹೊಸದನ್ನು ಕಳಿಸುತ್ತಿದ್ದೆ. ಒಂದಕ್ಕೆ ಬದಲಾಗಿ ಎರಡು, ಮೂರು ಕಳಿಸೆಂದರೂ ಯಾಕೆಂದು ಕೇಳುತ್ತಿರಲಿಲ್ಲ.

ಇದೆಲ್ಲ ಆ ಕುರ್ಚಿಯಲ್ಲಿ ಕೂತ ಹಾಗೇ ನನ್ನ ಮುಂದೆ ಬಂತು. ಡಾಕ್ಟರಮ್ಮ ಸ್ಕ್ಯಾನಿಂಗು, ಎಕ್ಸ್‌ರೇ, ಎದೆಯ ಪರೀಕ್ಷೆ ಬರೆಯುತ್ತಿದ್ದರು. ಬಾಯಿ ತೆರೆದು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಭಾವನ ಎದುರು ಬೇಡ ಎಂದುಕೊಂಡೆ. ಆಮೇಲೆ ಒಬ್ಬಳೇ ಬಂದು ಡಾಕ್ಟರಿಗೆ ಹೇಳೋಣವೆಂದುಕೊಂಡೆ. ಅವರನ್ನು ಸಿರುಗುಪ್ಪದ ಬಸ್ಸು ಹತ್ತಿಸಿ ಮನೆಗೆ ಬಂದು, ಕಪಾಟಿನ ಮೂಲೆಯಲ್ಲಿದ್ದ ನನ್ನ ಡಬ್ಬಿ ತೆಗೆದು ನೋಡಿ, ಅಲ್ಲೇ ಇಟ್ಟೆ. ಮರುದಿನ ಲ್ಯಾಬಿನಲ್ಲಿ ಎಲ್ಲರಿಗಿಂತ ಮೊದಲು ನನ್ನದೇ ಮೂತ್ರಕ್ಕೆ ಪಟ್ಟಿ ಅದ್ದಿದೆ. ಹಳದಿ ಹಳದಿಯಾಗಿಯೇ ಉಳಿಯಿತು. ನನಗೆ ಏನೂ ಆಗಿರಲಿಲ್ಲ. ಅದರಿಂದ ಸಮಾಧಾನವಾಗುವ ಬದಲು ನಾಚಿಕೆಯಾಯಿತು.

ಹೀಗೆ ನಾಲ್ಕು ದಿನ ಕಳೆದವು. ಐದನೆಯ ದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು.

"ಒಂದ್ ಮಾತು ಹೇಳಾಕ ಮಾಡೀನಿ," ಎಂದಳು. "ಸ್ಕ್ಯಾನಿಂಗ್‌ನ್ಯಾಗ ಗಡ್ಡಿ ಐತಿ ಅಂತ ಬಂದ್ರ ಅವ್ವಗ ಮಾತ್ರ ಹೇಳಬ್ಯಾಡ. ಕಾಲುನೋವು ಅಂತನ ಅನ್ನು. ಮತ್ತ ಹಿಂಗಾರಿ ನಾಟಿಗೆ ಗುಂಪು ನೋಡ್ಕೊಳ್ಳಾಕ ಮೂಲಿಮನಿಯಾಕಿಗೆ ಹೇಳೀನಿ. ಯಾರ ಹೊಲ ಯಾವತ್ತು ಅಂತ ಎಲ್ಲಾ ಬಾಯಿಪಾಠ ಮಾಡ್ಸಾಕತ್ತೀನಿ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಬೇರೆ ಊರಿಗೆ ಹೋಗುವವರು ಮನೆಯ ಕೀಲಿ ಒಪ್ಪಿಸುವಂಥ ದನಿ ಅದು. ಪಾದರಸದ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಕ್ಯಾನ್ಸರ್ ಎಂಬ ಒಂದು ಶಬ್ದ ಉಳಿದದ್ದನ್ನೆಲ್ಲ ಒರೆಸಿಹಾಕಿತ್ತು. ನಾನು ಲ್ಯಾಬಿಗೆ ರಜೆ ಹೇಳಿ ಸಿರುಗುಪ್ಪಕ್ಕೆ ಹೋದೆ. ಅಲ್ಲಿಂದ ಕರೂರಿನ ಬಸ್ಸು. ದಾರಿಯುದ್ದಕ್ಕೂ ಹಸಿರು ಗದ್ದೆ, ಅಕ್ಕಿ ಮಿಲ್ಲುಗಳಲ್ಲಿ ನೆಲ್ಲು ಬೇಯುವ ಉಬ್ಬೆಯ ವಾಸನೆ. ಹೇಗೆ ಶುರು ಮಾಡಬೇಕೆಂದು ಹತ್ತು ರೀತಿಯಲ್ಲಿ ಹೇಳಿಕೊಂಡು ನೋಡಿದೆ.

ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಭಾವ ಹೊಲಕ್ಕೆ ಹೋಗಿದ್ದ. ನಾನು ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ.

"ಅಕ್ಕ, ಬಂಗಿನ ಮುಲಾಮು ಕೊಟ್ಟಿದ್ನೆಲ್ಲ. ಅದ್ರಾಗ ಪಾದರಸ ಇರಬಹುದು. ಡಾಕ್ಟರಮ್ಮ ಕೇಳಿದ್ದು ಅದನ್ನ. ನಿನಗ ಕ್ಯಾನ್ಸರ್ ಇರಲಿಕ್ಕಿಲ್ಲ. ನಾನು ಕೊಟ್ಟ ಮುಲಾಮಿನಿಂದ ಆಗಿರಬೇಕು."

ಅವಳು ತಿಳಿದುಕೊಳ್ಳಲು ಹೊತ್ತು ತೆಗೆದುಕೊಂಡಳು. ನಾನು ಎರಡನೆಯ ಸಲ, ನಿಧಾನವಾಗಿ ಹೇಳಿದೆ.

"ಇದು ನಿನಗ ಯಾವಾಗ ಗೊತ್ತಾತು?"

"ಅಲ್ಲೇ. ಅವರು ಕೇಳಿದಾಗನ."

"ನಾಕ್ ದಿನ ಆತು."

"ಹೌದು."

"ನಾಕ್ ದಿನ ನಾನು ಸಾಯ್ತೀನಿ ಅಂತ ಕುಂತೀನಿ ಇಲ್ಲಿ," ಎಂದಳು. ದನಿ ಏರಿಸಲಿಲ್ಲ. "ಮುಲಾಮು ಕೊಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ನನ್ ಮಾರಿ ಚಂದ ಆಗ್ಲಿ ಅಂತ ಕೊಟ್ಟಿ. ನಾನೂ ಖುಷಿಯಿಂದನ ಹಚ್ಕೊಂಡೀನಿ. ಆದ್ರ ನಾಕ್ ದಿನ ಯಾಕ ಸುಮ್ಕಿದ್ದಿ?"

ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೋಡೆ ಹಿಡಿದು ಎದ್ದು ದೇವರ ಮಾಡದ ಪಕ್ಕದಿಂದ ಆ ಡಬ್ಬಿ ತಂದಳು. ತಳದಲ್ಲಿ ಉಗುರಿಗೆ ಹತ್ತುವಷ್ಟು ಉಳಿದಿತ್ತು.

"ಇದನ್ನ ನಾನೊಬ್ಬಾಕೀನ ಹಚ್ಚಿಲ್ಲ," ಎಂದಳು.

"ಮತ್ತ?"

"ನನ್ ಮಾರಿ ನೋಡಿ ಗುಂಪಿನ ಹೆಂಗಸ್ರು ಕೇಳಿದ್ರು. ಕೇಳಿದಾಕೀಗೆಲ್ಲ ಕೊಟ್ಟೀನಿ. ನೀ ಎರಡು ಮೂರು ಕಳಿಸ್ತಿದ್ದೆಲ್ಲ, ಅದಕ್ಕ ತರಸ್ತಿದ್ದೆ."

ನನ್ನ ಅಳು ನಿಂತುಹೋಯಿತು. ಅಕ್ಕ ಆಗಲೇ ಚಪ್ಪಲಿ ಹುಡುಕುತ್ತಿದ್ದಳು; ಬಾತ ಕಾಲು ಯಾವ ಚಪ್ಪಲಿಯಲ್ಲೂ ಹಿಡಿಯದೆ ಭಾವನ ದೊಡ್ಡ ಚಪ್ಪಲಿ ಮೆಟ್ಟಿಕೊಂಡಳು. "ನಡಿ," ಎಂದಳು. "ಯಾರ್ಯಾರ ಮನಿ ಅಂತ ನನಗ ಗೊತ್ತೈತಿ."

ಅವತ್ತು ನನ್ನ ಹತ್ತಿರ ಪಟ್ಟಿಗಳಿರಲಿಲ್ಲ. ಹಾಗಾಗಿ ಮನೆಮನೆಗೆ ಹೋಗಿ ಹಚ್ಚುವುದನ್ನು ನಿಲ್ಲಿಸಿ ಎಂದು ಹೇಳಿದೆವು. ಮಾತಾಡಿದ್ದೆಲ್ಲ ಅಕ್ಕನೇ. "ನೋಡ್ರಿ ನನ್ ಕಾಲು," ಎಂದು ಸೀರೆ ಎತ್ತಿ ತೋರಿಸುತ್ತಿದ್ದಳು. ಬೇರೆ ವಿವರಣೆ ಬೇಕಾಗಲಿಲ್ಲ. ಮಾರನೆಯ ದಿನ ನಾನು ಮೊದಲು ಡಾಕ್ಟರಮ್ಮನ ಹತ್ತಿರ ಹೋಗಿ ಕಪಾಟಿನ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಹಿಂದೆ ಒಬ್ಬರ ಮನೆಯಲ್ಲಿ ತಾಯಿ, ಮಗಳು ಇಬ್ಬರಿಗೂ ಹೀಗೇ ಆಗಿತ್ತು," ಎಂದರು. "ಅಲ್ಲೂ ಯಾರೋ ಪ್ರೀತಿಯಿಂದ ತಂದುಕೊಟ್ಟಿದ್ದೇ. ಹಳ್ಳಿಗೆ ಹೋಗಿ ಉಳಿದವರನ್ನೂ ಪರೀಕ್ಷೆ ಮಾಡ್ತೀರಾ?"

ಲ್ಯಾಬಿನ ಮಾಲೀಕರು ಎರಡು ಡಬ್ಬಿ ಪಟ್ಟಿ ಕೊಟ್ಟರು. ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಅಂಗಳದಲ್ಲಿ ಹನ್ನೊಂದು ಮಂದಿ ಹೆಂಗಸರು ಸೇರಿದರು. ಒಬ್ಬೊಬ್ಬರೂ ಸೆರಗಿನ ಮರೆಯಲ್ಲಿ ಮೂತ್ರದ ಡಬ್ಬಿ ಹಿಡಿದು ತಂದು ನನ್ನ ಮುಂದಿಟ್ಟರು. ಮೊದಲಿಗೆ ಮುಸಿಮುಸಿ ನಗು. ಪಟ್ಟಿ ಅದ್ದಲು ಶುರುಮಾಡಿದ ಮೇಲೆ ಎಲ್ಲರೂ ಹತ್ತಿರ ಸರಿದು ನೋಡತೊಡಗಿದರು. ಅವತ್ತು ನಾನು ನಿಯಮ ಮುರಿದೆ. ಪ್ರತಿಯೊಬ್ಬರಿಗೂ ಅಲ್ಲೇ, ಮುಖ ನೋಡಿ ಹೇಳಿದೆ. "ನಿನಗೇನೂ ಇಲ್ಲ." "ನಿನಗೂ ಇಲ್ಲ." ಒಂಬತ್ತನೆಯ ಪಟ್ಟಿ ಹಸಿರಿಗೆ ತಿರುಗಿತು. ಕಡು ಹಸಿರಲ್ಲ, ಎಳೆಯ ಹಸಿರು.

ಅವಳು ಆದೋನಿ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ, ವರ್ಷವೂ ತುಂಬಿರಲಿಲ್ಲ. ಕಾಲಲ್ಲಿ ಬಾವಿಲ್ಲ, ಏನೂ ಇಲ್ಲ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಕನ್ನಡ ಮರೆತುಹೋಗಿ "ನಾಕೇಮಯ್ಯಿಂದಿ ಅಕ್ಕಾ?" ಎಂದು ತನಗೇನಾಗಿದೆಯೆಂದು ಕೇಳಿದಳು. ನಾನೂ ತೆಲುಗಿನಲ್ಲೇ ಹೇಳಿದೆ: ಬೇಗ ಸಿಕ್ಕಿದೆ, ಹಚ್ಚುವುದು ನಿಲ್ಲಿಸಿದರೆ ವಾಸಿಯಾಗುವ ಸಂಭವವೇ ಹೆಚ್ಚು, ನನ್ನ ಜೊತೆ ಬಳ್ಳಾರಿಗೆ ಬಾ ಎಂದು. ಅವಳ ಅತ್ತೆ ಹಿಂದೆಯೇ ನಿಂತಿದ್ದಳು. ಮುಲಾಮು ಹಚ್ಚಿಕೊಂಡದ್ದಕ್ಕೆ ಸೊಸೆಯನ್ನು ಬೈಯಬಹುದೆಂದು ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು "ಕುಂದ್ರು, ಚಾ ಕುಡಿ ಮೊದ್ಲು" ಎಂದಳಷ್ಟೆ. ಆಮೇಲೆ ನನ್ನ ಕಡೆ ತಿರುಗಿ, "ಹಚ್ಚು ಅಂತ ನಾನ ಹೇಳಿದ್ದೆ" ಎಂದಳು.

ಅಕ್ಕನ ಸ್ಕ್ಯಾನಿಂಗಿನಲ್ಲಿ ಎಲ್ಲೂ ಗಡ್ಡೆ ಇರಲಿಲ್ಲ. ಮೂತ್ರದಲ್ಲಿ ಪಾದರಸ ಇರಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು. ನನ್ನ ಡಬ್ಬಿಯ ಮುಲಾಮಿನಲ್ಲೂ ಸಿಕ್ಕಿತು. ದೇಹದ ರಕ್ಷಣಾ ಪಡೆಯನ್ನೇ ಕುಗ್ಗಿಸುವ ದೊಡ್ಡ ಔಷಧಿಗಳನ್ನು ಈಗಲೇ ಶುರುಮಾಡುವುದು ಬೇಡ ಎಂದರು ಡಾಕ್ಟರಮ್ಮ. ಯಾವ ಪ್ರೋಟೀನೆಂದು ತಿಳಿಯದೆ ಇದ್ದಿದ್ದರೆ ಬಹುಶಃ ಅದನ್ನೇ ಕೊಡಬೇಕಾಗುತ್ತಿತ್ತು, ಮುಲಾಮು ಮನೆಯಲ್ಲೇ ಉಳಿಯುತ್ತಿತ್ತು. ಈಗ ಕಾರಣ ಸಿಕ್ಕಿದೆ; ಅದನ್ನು ನಿಲ್ಲಿಸಿ, ಸೋರುವುದನ್ನು ಕಡಿಮೆ ಮಾಡುವ ಮಾತ್ರೆ, ನೀರು ಇಳಿಯುವ ಮಾತ್ರೆ ಕೊಟ್ಟು ಕಾಯೋಣ ಎಂದರು.

ಆ ನಡುವೆ ಒಂದು ದಿನ ಬಜಾರಿನ ಬಳೆ ಅಂಗಡಿಗೆ ಹೋದೆ. ಜಗಳವಾಡಲೆಂದೇ ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಅದೇ ಚಿನ್ನದ ಮುಚ್ಚಳದ ಡಬ್ಬಿಗಳು ಸಾಲಾಗಿದ್ದವು. ಅಂಗಡಿಯವನು ವಯಸ್ಸಾದ, ಮೃದು ಮಾತಿನ ಮನುಷ್ಯ. ನಾನು ರಿಪೋರ್ಟು ತೋರಿಸಿ ಹೇಳುತ್ತ ಹೋದಂತೆ ಅವನ ಮುಖ ಸಣ್ಣದಾಯಿತು.

"ನಮಗ ಯಾರೋ ಚೀಲದಾಗ ತಂದು ಕೊಡ್ತಾರ್ರೀ ಮೇಡಂ. ಒಳಗೇನೈತಿ ಅಂತ ನಾವು ಕೇಳಂಗಿಲ್ಲ." ಬೇರೆ ಗಿರಾಕಿಗಳಿಗೆ ಕೇಳದಂತೆ ಹೇಳಿದ: "ನಮ್ಮ ಮನ್ಯಾಗೂ ಇದನ್ನ ಹಚ್ತಾರ. ಎರಡು ವರ್ಷ ಆತು."

ನಾನು ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು ಅವನ ಕೈಗಿಟ್ಟು, ನಾಳೆ ಬೆಳಿಗ್ಗೆ ಅವರ ಮೂತ್ರ ತಂದುಕೊಡಿ ಎಂದೆ. ಏಳಕ್ಕೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಅವನ ಹೆಂಡತಿಗೆ ಏನೂ ಆಗಿರಲಿಲ್ಲ. ಎರಡು ವರ್ಷ ಹಚ್ಚಿದವಳಿಗೆ ಏನೂ ಇಲ್ಲ, ಎಂಟು ತಿಂಗಳು ಹಚ್ಚಿದ ಅಕ್ಕನಿಗೆ ಈ ಸ್ಥಿತಿ. ಯಾಕೆಂದು ಡಾಕ್ಟರಮ್ಮನನ್ನು ಕೇಳಿದೆ. ನನಗೂ ಗೊತ್ತಿಲ್ಲ ಎಂದರು. ಆ ಅಂಗಡಿಯಲ್ಲಿ ಡಬ್ಬಿಗಳು ಈಗ ಕಾಣುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಕಾಗದ ಬರೆದೆ. ಅವರು ಬಂದು ಬಜಾರಿನಲ್ಲಿ ತಪಾಸಣೆ ಮಾಡಿದರೆಂದು ಕೇಳಿದೆ. ಬೇರೆ ಬಣ್ಣದ ಮುಚ್ಚಳ ಹಾಕಿಕೊಂಡು ಬೇರೆ ಕಡೆ ಬಂದಿರಲೂಬಹುದು.

ಕಾಯುವುದು ಸುಲಭವಿರಲಿಲ್ಲ. ಮೊದಲ ಎರಡು ತಿಂಗಳು ಅಕ್ಕನ ಪ್ರೋಟೀನು ಇಳಿಯುವ ಬದಲು ಇನ್ನಷ್ಟು ಏರಿತು. ಪ್ರತಿ ಹದಿನೈದು ದಿನಕ್ಕೆ ಭಾವ ಸ್ಯಾಂಪಲ್ ತರುತ್ತಿದ್ದ. ಕೊಳವೆಯಲ್ಲಿ ಅದೇ ಒಡೆದ ಹಾಲು. "ಮುಲಾಮು ಬಿಟ್ರ ಹೋಕೈತಿ ಅಂದ್ರೆಲ್ಲ, ಎಲ್ಲಿ?" ಎಂದು ಅಕ್ಕ ಫೋನಿನಲ್ಲಿ ಕೇಳಿದರೆ, "ಡಾಕ್ಟರಮ್ಮ ಕಾಯ್ಬೇಕು ಅಂದಾರ" ಎಂಬುದೊಂದೇ ನನ್ನ ಉತ್ತರ. ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಉಪ್ಪು ಬಿಡುವುದು. ಎರಡನೆಯ ಬೆಳೆಯ ನಾಟಿಗೆ ಅವಳು ಗದ್ದೆಗೆ ಇಳಿಯಲಿಲ್ಲ. ಬದುವಿನ ಮೇಲೆ ಕೊಡೆ ಹಿಡಿದು ಕೂತು, ಹೊಸ ಮುಂದಾಳಿಗೆ ಅಲ್ಲಿಂದಲೇ ಸಾಲು ಸೊಟ್ಟಗಾಗಿದೆ ಎಂದು ಕೂಗಿ ಹೇಳುತ್ತಿದ್ದಳಂತೆ.

ನಾಲ್ಕನೆಯ ತಿಂಗಳು ಪಟ್ಟಿಯ ಹಸಿರು ಒಂದು ಅಂತಸ್ತು ಇಳಿಯಿತು. ನಾನು ನಂಬಲಿಲ್ಲ, ಮಾಲೀಕರನ್ನು ಕರೆದು ತೋರಿಸಿದೆ. ಆದೋನಿ ಕಡೆಯ ಹುಡುಗಿಯದು ಅಷ್ಟರಲ್ಲಾಗಲೇ ಪೂರ್ತಿ ಹಳದಿಗೆ ಬಂದಿತ್ತು. ಅಕ್ಕನದು ನಿಧಾನವಾಗಿ, ಒಂದು ಸಲ ಇಳಿದು, ಒಂದು ಸಲ ಅಲ್ಲೇ ನಿಂತು, ಸುಮಾರು ಹನ್ನೊಂದನೆಯ ತಿಂಗಳಿಗೆ ಪಟ್ಟಿಯ ಮೇಲೆ ಕಂಡೂ ಕಾಣದಂತಾಯಿತು. ರಕ್ತದ ಪ್ರೋಟೀನು ಸರಿಯಾಗಿತ್ತು. "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು," ಎಂದರು ಡಾಕ್ಟರಮ್ಮ. "ಮರೆತು ಮಾತ್ರ ಬಿಡಬೇಡಿ."

ಆ ಸುದ್ದಿ ಕೇಳಿ ಗುಂಪಿನ ಹೆಂಗಸರು ಟ್ರ್ಯಾಕ್ಟರ್ ಕಟ್ಟಿಸಿಕೊಂಡು ಕೆಂಚನಗುಡ್ಡಕ್ಕೆ ಬುತ್ತಿ ತೆಗೆದುಕೊಂಡು ಹೊರಟರು. ನನ್ನನ್ನೂ ಕರೆದರು. ತುಂಗಭದ್ರೆಯ ದಂಡೆಯ ಬಂಡೆಗಳ ಮೇಲೆ ಎಲ್ಲರೂ ಹರಡಿಕೊಂಡು ಕೂತು, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಮೊಸರನ್ನ ಬಿಚ್ಚಿದರು. ಅಕ್ಕ ನನ್ನ ಪಕ್ಕ ಕೂತಿದ್ದಳು. ಮುಖ ಮೊದಲಿನಂತೆ ಒಣಗಿ, ದವಡೆಯ ಮೂಳೆ ಕಾಣುತ್ತಿತ್ತು. ಒಂದು ವರ್ಷದಿಂದ ಕೇಳಬೇಕೆಂದಿದ್ದುದನ್ನು ಅಲ್ಲಿ ಕೇಳಿದೆ.

"ಇನ್ನೂ ಸಿಟ್ಟೈತೇನಕ್ಕ?"

ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು. ನನ್ನನ್ನು ಖುಷಿಪಡಿಸಲು ಇಲ್ಲವೆನ್ನುವ ಹೆಂಗಸಲ್ಲ ಅವಳು.

"ಸ್ವಲ್ಪ ಐತಿ," ಎಂದಳು. "ಒಮ್ಮೊಮ್ಮಿ ಆ ನಾಕ್ ದಿನ ನೆನಪಾಕೈತಿ. ಹೋಕೈತಿ ಬಿಡು." ಆಮೇಲೆ ನನ್ನ ತಟ್ಟೆ ನೋಡಿ, "ನೀ ಏನೂ ತಿಂದಿಲ್ಲ" ಎಂದು ಎಣ್ಣೆಗಾಯಿ ಬಡಿಸಿದಳು.

ನಾನು ತಿಂದೆ. ಕೆಳಗೆ ನೀರಿನ ಅಂಚಿನಲ್ಲಿ ಆದೋನಿಯ ಹುಡುಗಿ ಮತ್ತು ಅವಳ ಅತ್ತೆ ಕೈಕಾಲು ತೊಳೆಯುತ್ತಿದ್ದರು. ಹೊತ್ತು ಇಳಿಯುವ ಮೊದಲು ಹೊರಡಬೇಕೆಂದು ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಎದ್ದು, ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು, ಎಲ್ಲರನ್ನೂ ಎಣಿಸುತ್ತ ಟ್ರ್ಯಾಲಿಯ ಕಡೆ ನಡೆದಳು.